ಹಾಸ್ಟೆಲ್ ಯಾರ ಪೈಕಿ?

ಹೊಸದಾಗಿ ಇಂಗ್ಲಿಷ್ ಮಾಸ್ತರಿಕೆಗೆ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ರೋಣದ ನಮ್ಮ ಮನೆಗೆ ಬರುತ್ತಾರೆ. ಚಹಾದ ಬಟ್ಟಲು ಕೆಳಗಿಡುವ ಮೊದಲೇ ಎಲ್ಲರದೂ ಒಂದೇ ದೂರು: “ಸರ, ಎಷ್ಟ್ ಹೇಳಿದ್ರೂ ಹುಡುಗ್ರ ತಲ್ಯಾಗ ಶಬ್ದ ನಿಂದ್ರವಲ್ವು.” ನಾನೋ ನಿವೃತ್ತನಾದವನು, ಬೇರೆ ಕೆಲಸವಿಲ್ಲ. ಹೇಳಲು ಶುರು ಮಾಡಿದರೆ ಊಟದ ಹೊತ್ತು ಮೀರಿಸುತ್ತೇನೆ, ಮನೆಯವಳು ಅಡುಗೆಮನೆಯಿಂದ ಕೆಮ್ಮುತ್ತಾಳೆ. ಅದಕ್ಕೇ ಈಗ ಬರೆದಿಡುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ಸುದ್ದಿ ಇಲ್ಲಿಲ್ಲ. ಶಾಲುಗಳು ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುತ್ತ ಸುಖವಾಗಿವೆ. ಇಲ್ಲಿರುವುದು ನಾನು ಶಬ್ದ ಕಲಿಸುತ್ತಿದ್ದ ಒಂದು ರೀತಿ, ಅದು ನನಗೆ ತಂದುಕೊಟ್ಟ ಅಡ್ಡಹೆಸರು, ಮತ್ತು ಅದೇ ರೀತಿ ಒಮ್ಮೆ ನನಗೇ ತಿರುಗಿಬಿದ್ದು ಗಿರಿಜಾ ಎಂಬ ಹುಡುಗಿಯ ಓದಿಗೆ ಕುತ್ತು ತಂದ ಕಥೆ.

ಆ ರೀತಿಯನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಕಲಿಸಿದವಳು ನರೇಗಲ್ಲಿನ ಗಂಗವ್ವ. ನನ್ನ ಮೊದಲ ನೌಕರಿ ಅಲ್ಲಿನ ಒಂದು ಹೈಸ್ಕೂಲಿನಲ್ಲಿ. ಬಾದಾಮಿ ಕಡೆಯ ನನಗೆ ಆ ಊರಿನಲ್ಲಿ ಗುರುತಿನವರು ಒಬ್ಬರೂ ಇಲ್ಲ. ಬಾಡಿಗೆಗೆ ಖೋಲಿ ಇದೆಯೆಂದು ಯಾರೋ ಹೇಳಿದರೆಂದು ಟ್ರಂಕು ಹೊತ್ತುಕೊಂಡೇ ಗಂಗವ್ವನ ಬಾಗಿಲಿಗೆ ಹೋದೆ. ಆಕೆ ಕಟ್ಟೆಯ ಮೇಲೆ ಕುಳಿತು ಅಲಸಂದಿ ಹಸನು ಮಾಡುತ್ತಿದ್ದಳು. ಖೋಲಿಯ ಮಾತೇ ಎತ್ತಲಿಲ್ಲ.

“ಯಾವೂರು ತಮ್ಮಾ?”

ಹೇಳಿದೆ.

“ಯಾರ ಪೈಕಿ?”

ಅದನ್ನೂ ಹೇಳಿದೆ. ಆಕೆ ತಲೆಯಾಡಿಸಿ, ಆ ಮನೆತನ ತನಗೆ ತಿಳಿಯದು ಎಂದು ಕೈಬಿಟ್ಟಳು. ನಾನೂ ಟ್ರಂಕಿಗೆ ಕೈ ಹಾಕಿದೆ.

“ನಿಂದ್ರೋ. ನಿಮ್ಮವ್ವನ ತವರಮನಿ ಯಾವ್ದು?”

“ರೋಣರಿ.”

“ರೋಣದಾಗ ಯಾರ ಮನಿ?”

ಹೀಗೆ ನನ್ನ ಅಜ್ಜಿಯ ತಂಗಿಯವರೆಗೆ ಹೋದಳು. ಆ ಅಜ್ಜಿಯ ತಂಗಿಯನ್ನು ಗಂಗವ್ವನ ನಾದಿನಿಯ ಮನೆತನಕ್ಕೆ ಕೊಟ್ಟಿದ್ದರಂತೆ. ಗಂಗವ್ವನ ಮುಖ ಅರಳಿತು. “ಹಂಗಂದ್ರ ನೀ ನನಗ ಅಳಿಯ ಆಗಬೇಕು ನೋಡು! ಒಳಗ ಬಾ.” ಒಂದು ತಂಬಿಗೆ ನೀರು, ಅಂಗೈಯಗಲದ ಬೆಲ್ಲದ ಉಂಡೆ, ಅದರ ಹಿಂದೆಯೇ ಖೋಲಿಯ ಕೀಲಿಕೈ. ಅರ್ಧ ತಾಸಿನ ಹಿಂದೆ ಯಾರೋ ಆಗಿದ್ದವನು ಆ ಮನೆಯ ಅಳಿಯನಾಗಿಬಿಟ್ಟೆ. ಆಮೇಲೆ ಅಲ್ಲಿದ್ದಷ್ಟು ವರ್ಷವೂ ಆಕೆ ನನ್ನ ಹೆಸರು, ನಮ್ಮವ್ವನ ಹೆಸರು, ನಮ್ಮಜ್ಜಿಯ ಹೆಸರು ಒಂದನ್ನೂ ಮರೆಯಲಿಲ್ಲ. ಸಾಲಿಯ ಮೆಟ್ಟಿಲು ತುಳಿಯದ ಆಕೆಗೆ ಇಷ್ಟೆಲ್ಲ ನೆನಪಿರುವುದಕ್ಕೆ ಸಂಬಂಧ ಸಿಕ್ಕಿದ್ದೇ ಕಾರಣವೆಂದು ನನಗೆ ಹೊಳೆಯಿತು.

ಮರುದಿನ ತರಗತಿಯಲ್ಲಿ ಅದನ್ನೇ ಮಾಡಿದೆ. ಕರಿಹಲಗೆಯ ಮೇಲೆ ‘ಪೆನ್’ ಎಂದು ಬರೆದು, “ಇದು ಯಾವೂರು? ಯಾರ ಪೈಕಿ?” ಎಂದು ಕೇಳಿದೆ. ಹುಡುಗರು ಪಿಳಿಪಿಳಿ ನೋಡಿದರು. ಇದು ಲ್ಯಾಟಿನ್ ಎಂಬ ಊರಿನದು, ಹಕ್ಕಿಯ ಪುಕ್ಕದ ಪೈಕಿ, ಹಿಂದೆ ಪುಕ್ಕವನ್ನೇ ಚೂಪು ಮಾಡಿ ಬರೆಯುತ್ತಿದ್ದರು ಎಂದೆ. “ಹಂಗಾರ ಪೆನ್ಸಿಲ್ ಇದರ ತಮ್ಮ ಏನ್ರಿ ಸರ?” ಎಂದ ಒಬ್ಬ. ಆ ತರಗತಿಯಲ್ಲಿ ಹೆಸರಿನ ಕೊನೆಗೆ ಅಂಗಡಿ ಎಂದಿದ್ದ ಇಬ್ಬರು ಹುಡುಗರಿದ್ದರು. ಒಬ್ಬನದು ಊರೊಳಗಿನ ಮನೆ, ಇನ್ನೊಬ್ಬ ಸೂಡಿ ಕಡೆಯವನು. ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿ, “ಇವರು ಅಣ್ಣತಮ್ಮರೇನು?” ಎಂದೆ. “ಇಲ್ರೀ!” ಎಂದು ಇಡೀ ತರಗತಿ ಕೂಗಿತು. ಪೆನ್ನು, ಪೆನ್ಸಿಲ್ಲು ಆ ಇಬ್ಬರು ಅಂಗಡಿಗಳ ಹಾಗೆಯೇ. ಪೆನ್ಸಿಲ್ಲಿನ ಮೂಲ ಲ್ಯಾಟಿನ್ನಿನ ‘ಸಣ್ಣ ಬಾಲ’. ಬಾಲದ ಕೂದಲಿನ ಕುಂಚದಿಂದ ಅದಕ್ಕೆ ಹೆಸರು ಬಂತು. ಕೇಳಲು ಒಂದೇ ಥರ, ಮನೆತನ ಬೇರೆ. ಆ ತರಗತಿಯಲ್ಲಿ ಆಮೇಲೆ ಯಾರೂ ಅವೆರಡನ್ನು ಮರೆಯಲಿಲ್ಲ. ಸೂಡಿ ಕಡೆಯ ಅಂಗಡಿಗೆ ಮಾತ್ರ ಸಾಲಿ ಬಿಡುವತನಕ ‘ಸಣ್ಣಬಾಲ’ ಎಂಬ ಹೆಸರು ನಿಂತಿತು. ಅದಕ್ಕೆ ನನ್ನದೇ ಜವಾಬ್ದಾರಿ.

ನನ್ನ ಪಾಠ ಶುರುವಾದರೆ ಪಡಸಾಲೆಯ ಆ ತುದಿಗೂ “ಯಾವೂರು? ಯಾರ ಪೈಕಿ?” ಎಂಬ ಕೂಗು ಕೇಳುತ್ತಿತ್ತು. ಒಂದು ದಿನ ಹೆಡ್‌ಮಾಸ್ತರರು ಕೈಯಲ್ಲಿ ಬೆತ್ತ ಹಿಡಿದು ದಡದಡ ಬಂದರು. ಎತ್ತರದ ಆಳು, ಸಿಟ್ಟು ಬಂದರೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುವವರು. ಅಂದು ಒರೆಸುತ್ತಲೇ ಬಂದರು.

“ಏನ್ರಿ ಮಾಸ್ತರ, ಸಾಲ್ಯಾಗ ಹುಡುಗ್ರ ಜಾತಿ ಕೇಳಾಕತ್ತೀರೇನ್ರಿ?”

ನಾನು ಸೀಮೆಸುಣ್ಣ ಕೆಳಗಿಟ್ಟೆ. “ಜಾತಿ ಅಲ್ರಿ ಸರ, ಶಬ್ದದ ಮೂಲ...”

“ಹೌದೇನು? ಹಂಗಾರ ಮಾಸ್ಟರ್ ಅನ್ನೂದು ಯಾರ ಪೈಕಿ, ಹೇಳ್ರಿ ನೋಡೂಣು.”

ಅದೃಷ್ಟಕ್ಕೆ ಅದು ನನಗೆ ಗೊತ್ತಿತ್ತು. ಮಾಸ್ಟರ್ ಎಂಬುದು ‘ಹೆಚ್ಚು’ ಎಂಬ ಲ್ಯಾಟಿನ್ ಮಾತಿನ ಪೈಕಿ, ಹಾಗಾಗಿ ದೊಡ್ಡವನು. ಅದರಂತೆಯೇ ಕೇಳುವ ಮಿನಿಸ್ಟರ್ ಎಂಬುದು ‘ಕಡಿಮೆ’ ಎಂಬ ಮಾತಿನ ಪೈಕಿ, ಹಾಗಾಗಿ ಸಣ್ಣವನು, ಸೇವೆ ಮಾಡುವವನು. ಹೆಡ್‌ಮಾಸ್ತರರು ಕನ್ನಡಕ ಹಾಕಿಕೊಂಡರು. “ಇನ್ನೊಮ್ಮೆ ಹೇಳ್ರಿ,” ಎಂದರು. ಬೆತ್ತ ಕಂಕುಳಿಗೆ ಹೋಯಿತು. ಅವರು ಅದನ್ನು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಧ್ವಜ ಏರಿಸುವ ದಿನ ಒಬ್ಬ ಪುಢಾರಿಯವರು ಅತಿಥಿಗಳಾಗಿ ಬಂದಿದ್ದರು, ಮುಂದಿನ ಸಲ ಮಿನಿಸ್ಟರ್ ಆಗುತ್ತಾರೆಂದು ಊರೆಲ್ಲ ಮಾತಾಡುತ್ತಿತ್ತು. ಅವರ ಎದುರಿಗೇ ನಮ್ಮ ಹೆಡ್‌ಮಾಸ್ತರರು ಮೈಕಿನಲ್ಲಿ ಮಾಸ್ಟರ್ ದೊಡ್ಡವನು, ಮಿನಿಸ್ಟರ್ ಸಣ್ಣವನು ಎಂದು ಮೂಲಸಮೇತ ಬಿಡಿಸಿ ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡೆ. ಪುಢಾರಿಯವರು ಎದ್ದು ನಿಂತು, “ಇನ್ನೂ ಆಗೂಕಿಂತ ಮೊದಲ ಸಣ್ಣಾವನ್ನ ಮಾಡಿಬಿಟ್ರಲ್ರಿ ಸರ,” ಎಂದು ಹೊಟ್ಟೆ ಅಲುಗುವಂತೆ ನಕ್ಕರು. ಅಂದಿನಿಂದ ನನ್ನ ಹೆಸರು ‘ಯಾವೂರ ಸರ’ ಎಂದಾಯಿತು. ವರ್ಗಾವಣೆ ಆದಲ್ಲೆಲ್ಲ ನಾನು ತಲುಪುವ ಮೊದಲೇ ಆ ಹೆಸರು ತಲುಪುತ್ತಿತ್ತು.

ನರಗುಂದಕ್ಕೆ ವರ್ಗವಾದಾಗ ಅಲ್ಲಿನ ಕಾಳಿನ ಪೇಟೆಯಲ್ಲಿ ನನಗೆ ಸರಿಯಾದ ಪಾಠವಾಯಿತು. ಗೋಡೌನ್ ಎಂದರೆ ‘ಗೋ’ ಮತ್ತು ‘ಡೌನ್’, ಮಾಲು ಕೆಳಗಿಳಿಸುವ ಜಾಗ ಎಂದು ತರಗತಿಯಲ್ಲಿ ಬಹಳ ಠೀವಿಯಿಂದ ಹೇಳಿದ್ದೆ. ಒಬ್ಬ ಹುಡುಗ ಅದನ್ನು ಕಾಳಿನ ದಲಾಲಿ ಮಾಡುವ ತನ್ನ ಅಪ್ಪನ ಅಡತಿ ಅಂಗಡಿಯಲ್ಲಿ ಹೇಳಿದ. ಆತ ಸಂಜೆ ನನ್ನನ್ನು ಕರೆದು, ಕಡಲೆ ಚೀಲಗಳನ್ನು ಸೂರಿನವರೆಗೆ ಒಟ್ಟಿದ್ದನ್ನು ತೋರಿಸಿ, “ಸರ, ಇಲ್ಲಿ ಮಾಲು ಮ್ಯಾಲ ಹೊಂಟೈತಲ್ರಿ, ಕೆಳಗ ಎಲ್ಲಿ ಹೋಗೈತಿ?” ಎಂದ. ನನಗೆ ಅನುಮಾನ ಬಂದು ರವಿವಾರ ಗದಗಿಗೆ ಹೋಗಿ ಗ್ರಂಥಾಲಯದ ದಪ್ಪ ನಿಘಂಟು ತೆರೆದರೆ, ಗೋಡೌನಿಗೆ ಗೋ ಎಂಬ ಅಪ್ಪನೂ ಇಲ್ಲ, ಡೌನ್ ಎಂಬ ಅವ್ವನೂ ಇಲ್ಲ. ಅದು ಮಲಯ ದೇಶದಿಂದ ಹಡಗು ಹತ್ತಿ ಬಂದ ಮಾತು. ಅದಕ್ಕೂ ಮೊದಲು ಅದು ನಮ್ಮ ತೆಂಕಣದ ಕರಾವಳಿಯಿಂದಲೇ ಅಲ್ಲಿಗೆ ಹೋಗಿರಬೇಕೆಂದು ಬಲ್ಲವರ ಎಣಿಕೆ. ಸೋಮವಾರ ತರಗತಿಯಲ್ಲಿ ತಪ್ಪು ತಿದ್ದಿ ಹೇಳಿದೆ. ಹೊಸಬರಿಗೆ ಹೇಳುವುದು ಇಷ್ಟೇ: ಶಬ್ದ ತಾನೇ ತಾನಾಗಿ ಎರಡು ಹೋಳಾಗಿ ಕಾಣಿಸಿಕೊಂಡರೆ ನಂಬಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ರವಿವಾರದ ಬಸ್ಸು ಹತ್ತಿ.

ಆ ನಿಘಂಟು ನನಗೆ ಕೊಟ್ಟ ಸುಖ ಇಷ್ಟಿಷ್ಟಲ್ಲ. ಗಂಗವ್ವ ಕೊಟ್ಟ ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ಜಾಗರಿ. ಅದೂ ಶುಗರ್ ಕೂಡ ನಮ್ಮ ಶರ್ಕರೆಯ ಮಕ್ಕಳೇ; ಒಬ್ಬಳು ಪೋರ್ಚುಗೀಸರ ಜೊತೆ ಹೋದಳು, ಇನ್ನೊಬ್ಬಳು ಅರಬರ ಜೊತೆ. ಗ್ರಾಮರ್ ಎಂದರೆ ಮುಖ ಸಿಂಡರಿಸುವ ಹುಡುಗಿಯರಿಗೆ ಗ್ಲಾಮರ್ ಎಂಬುದು ಗ್ರಾಮರಿನ ಸ್ವಂತ ಮಗಳೆಂದು ಹೇಳಿದಾಗ ಅವರ ಕಣ್ಣು ನೋಡಬೇಕಿತ್ತು. ಹಿಂದೆ ಓದುಬರಹ ಬಲ್ಲವನಿಗೆ ಮಾಟವೂ ಬರುತ್ತದೆಂದು ಮಂದಿ ಹೆದರುತ್ತಿದ್ದರು, ಹಾಗೆ ವ್ಯಾಕರಣದ ಮಾತೇ ಮೋಡಿಯ ಮಾತಾಯಿತು. “ಹಂಗಾರ ನಮ್ಮ ಸರಗೂ ಗ್ಲಾಮರ್ ಐತಿ,” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ನನ್ನ ಬೋಳುತಲೆಯನ್ನು ನೋಡಿ ಇಡೀ ತರಗತಿ ನಕ್ಕಿತು, ನಾನೂ ನಕ್ಕೆ.

ಇನ್ನು ಗಿರಿಜಾಳ ಮಾತು. ನರಗುಂದದ ನಂತರ ನಾನು ಹೊಳೆಆಲೂರು ಕಡೆಯ ಒಂದು ಹೈಸ್ಕೂಲಿಗೆ ಬಂದೆ. ಗಿರಿಜಾ ಮಲಪ್ರಭಾ ದಂಡೆಯ ಹಳ್ಳಿಯೊಂದರಿಂದ ನಡೆದು ಬರುತ್ತಿದ್ದಳು. ಅಪ್ಪ ಫಕೀರಗೌಡರು ಊರಿನ ದೊಡ್ಡ ಹಿಡುವಳಿದಾರರು, ತಲೆಗೆ ಬಿಳಿ ರುಮಾಲು, ಮಾತಿಗೆ ತೂಕ. ಈ ಹುಡುಗಿ ಒಂದು ದಿನ ಎದ್ದು ನಿಂತು, “ಸರ, ಫೀಮೇಲ್ ಅನ್ನೂದು ಮೇಲ್ ಅನ್ನೂದರ ಪೈಕಿ ಹೌದೋ ಅಲ್ಲೋ?” ಎಂದಳು. ನನಗೆ ಗೊತ್ತಿರಲಿಲ್ಲ. ಮತ್ತೆ ರವಿವಾರ, ಮತ್ತೆ ಗದಗು. ಸೋಮವಾರ ಹೇಳಿದೆ: ಅಲ್ಲ. ಅವೆರಡೂ ಬೇರೆ ಬೇರೆ ತಾಯಿಯ ಮಕ್ಕಳು. ಫೀಮೇಲ್ ಎಂಬುದು ‘ಸಣ್ಣ ಹೆಣ್ಣುಮಗಳು’ ಎಂಬ ಲ್ಯಾಟಿನ್ ಮಾತಿನಿಂದ ಫ್ರಾನ್ಸಿನ ದಾರಿಯಾಗಿ ಬಂದದ್ದು. ಮೇಲ್ ಎಂಬ ಪಕ್ಕದ ಮನೆಯವನ ಸಹವಾಸದಲ್ಲಿ ಇದ್ದು ಇದ್ದು ಅವನಂತೆಯೇ ಕೇಳಿಸತೊಡಗಿತು, ಅಷ್ಟೇ. ಗಿರಿಜಾ, “ಅಂದ್ರ ನಾವು ಅವರಿಂದ ಹುಟ್ಟಿದ್ದಲ್ಲ,” ಎಂದು ಕುಳಿತಳು. ಆ ಹುಡುಗಿಯ ತಲೆ ಹೇಗೆ ಓಡುತ್ತದೆಂದು ಆಗಲೇ ನನಗೆ ಗೊತ್ತಾಗಿ ಬಹಳ ಸಂತೋಷವಾಯಿತು.

ಹತ್ತನೆಯ ತರಗತಿಯಲ್ಲಿ ಗಿರಿಜಾ ಸಾಲಿಗೇ ಮೊದಲು ಬಂದಳು. ಆಕೆಗೆ ವಿಜ್ಞಾನ ಓದುವ ಆಸೆ. ಹೊಳೆಗೆ ನೀರು ಬಂದರೆ ಅವರೂರಿನ ದಾರಿಯೇ ಮುಚ್ಚುತ್ತದೆ, ದಿನಾ ಕಾಲೇಜಿಗೆ ಓಡಾಡುವ ಮಾತೇ ಇಲ್ಲ. ಅದೇ ಬೇಸಿಗೆಯಲ್ಲಿ ನನಗೆ ಗಜೇಂದ್ರಗಡಕ್ಕೆ ವರ್ಗವಾಗಿತ್ತು. ಅಲ್ಲೊಂದು ಕಾಲೇಜು, ಹತ್ತಿರವೇ ಹುಡುಗಿಯರ ಹಾಸ್ಟೆಲ್, ಜಾಗವೂ ಇತ್ತು. ಅಪ್ಪ ಹೂಂ ಎನ್ನಬೇಕು, ಅಷ್ಟೇ. ನಾನು ಅವರ ಊರಿಗೆ ಹೋದೆ. ಫಕೀರಗೌಡರು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು.

“ಹಾಸ್ಟೆಲ್ ಅಂತೀರಲ್ರಿ ಸರ, ಅದು ಯಾರ ಮನಿ?”

“ಸರ್ಕಾರದ್ದರಿ ಗೌಡ್ರ.”

“ಸರ್ಕಾರ ಯಾವೂರು? ಯಾರ ಪೈಕಿ? ನಮ್ಮ ಮನಿತನದಾಗ ಹೆಣ್ಣಮಕ್ಕಳನ್ನ ಗುರ್ತಿಲ್ಲದ ಮನ್ಯಾಗ ಒಂದ್ ರಾತ್ರಿನೂ ಬಿಟ್ಟಿಲ್ರಿ. ನಾನಂತೂ ಹೋಟೆಲ್ ಚಹಾನೂ ಬಾಯಿಗೆ ಹಚ್ಚಿಲ್ಲ. ಮಾಡಿದಾವ ಯಾರಂತ ಗೊತ್ತಿಲ್ಲದ್ದು ಹ್ಯಾಂಗ ಕುಡೀಲಿ?”

ಬಾಗಿಲ ಹಿಂದೆ ಗಿರಿಜಾಳ ಬಳೆಯ ಸದ್ದು ಕೇಳಿತು. ನನ್ನ ಪ್ರಶ್ನೆಯನ್ನೇ ಅವರು ಕೇಳಿದ್ದರು, ನನಗೆ ಉಬ್ಬು ಬಂತು. ಶಬ್ದದ ಮನೆತನ ಬಿಚ್ಚಿ ಕೂತೆ. ಲ್ಯಾಟಿನ್ನಿನಲ್ಲಿ ‘ಹೋಸ್ಪೆಸ್’ ಎಂಬ ಮಾತಿದೆ ಗೌಡರೇ, ಬಂದ ಅತಿಥಿಗೂ ಅದೇ ಹೆಸರು, ಬರಮಾಡಿಕೊಂಡ ಮನೆಯವನಿಗೂ ಅದೇ ಹೆಸರು. ಅದರ ಹೊಟ್ಟೆಯಲ್ಲಿ ಮೂವರು ಅಕ್ಕತಂಗಿಯರು. ಹಿರಿಯಳು ಹಾಸ್ಪಿಟಲ್, ನಡುವಿನವಳು ಹಾಸ್ಟೆಲ್, ಕಿರಿಯಳು ಹೋಟೆಲ್. ಮೂವರ ಕೆಲಸವೂ ಒಂದೇ, ದಾರಿಹೋಕನಿಗೆ ಆಸರೆ ಕೊಡುವುದು. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಮಾಸ್ತರನ ಬಾಯಿ ನಿಲ್ಲುವುದಿಲ್ಲ. ಹಾಸ್ಟೈಲ್ ಎಂಬ ದೂರದ ದಾಯಾದಿಯೂ ಒಬ್ಬನಿದ್ದಾನೆ, ಅವನು ವೈರಿ, ಹಿಂದೆ ಹೊರಗಿನವನು ಅತಿಥಿಯೋ ವೈರಿಯೋ ತಿಳಿಯುತ್ತಿರಲಿಲ್ಲ ಎಂದುಬಿಟ್ಟೆ.

ಫಕೀರಗೌಡರು ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿದರು.

“ಅಲ್ರಿ ಸರ, ಕಿರ್ಯಾಕಿ ಬಸ್‌ಸ್ಟ್ಯಾಂಡಿನ್ಯಾಗ ಕುಂತು ಹೋಗೂ ಬರೂ ಮಂದಿಗೆಲ್ಲಾ ಚಹಾ ಕೊಡ್ತಾಳ. ಹಿರ್ಯಾಕಿ ಮನ್ಯಾಗ ನೋಡಿದ್ರ ಮಂದಿ ನರಳಕೋತ ಬಿದ್ದಿರ್ತಾರ. ದಾಯಾದಿ ಒಬ್ಬಾವ ವೈರಿ ಅಂತೀರಿ. ಅಂಥಾ ಮನಿತನದಾಗ ನಡುವಿನಾಕಿ ಹ್ಯಾಂಗ ಚಲೋ ಇರ್ತಾಳ್ರಿ? ತಪ್ಪ ತಿಳೀಬ್ಯಾಡ್ರಿ, ಮನಿತನ ಚಲೋ ಇಲ್ಲ.”

ಇಡೀ ಆಯುಷ್ಯ ಮಕ್ಕಳಿಗೆ ಮನೆತನ ನೋಡಿ ಶಬ್ದ ಗುರುತಿಸಲು ಕಲಿಸಿದವನು ನಾನೇ. ಬಾಗಿಲ ಹಿಂದಿನ ಬಳೆಯ ಸದ್ದು ಒಳಗೆ ಸರಿದು ಹೋಯಿತು. ಏಳುವ ಮೊದಲು ಕಡೆಯದಾಗಿ ಒಂದು ಮಾತು ಹೇಳಿದೆ: “ಗೌಡ್ರ, ಕೇಳಿದ ಮಾತಿನ ಮ್ಯಾಲ ಮನಿ ಬ್ಯಾಡ ಅನ್ನಬ್ಯಾಡ್ರಿ. ಒಮ್ಮೆ ಬಂದು ಮನಿ ನೋಡ್ರಿ.” ಅದು ಅವರಿಗೆ ಹಿಡಿಸಿತು. ಮನೆ ನೋಡದೆ ಸಂಬಂಧ ಬೇಡವೆನ್ನುವುದು ಅವರ ಪದ್ಧತಿಯಲ್ಲೂ ಇರಲಿಲ್ಲ. ಬರುವ ರವಿವಾರ ಬರುತ್ತೇವೆ ಎಂದರು.

ಆ ಹಾಸ್ಟೆಲ್ಲಿನ ವಾರ್ಡನ್ ಸುಮಂಗಲಾ ಅಕ್ಕೋರು. ಮೂವತ್ತು ದಾಟಿದ, ಲೆಕ್ಕದಲ್ಲೂ ಮಾತಿನಲ್ಲೂ ಚೊಕ್ಕ ಹೆಣ್ಣುಮಗಳು. ಹಾಸ್ಟೆಲ್ಲಿಗೆ ಹತ್ತಿಕೊಂಡೇ ಇದ್ದ ಮನೆಯಲ್ಲಿ ತಾಯಿ ನೀಲವ್ವನ ಜೊತೆ ಇದ್ದರು. ಕನ್ಯೆ ನೋಡಲು ಬಂದವರಿಗೆ ಚಹಾದ ತಾಟು ಹಿಡಿದು ಸಾಕಾಗಿದೆ, ಇನ್ನು ಯಾರ ಮುಂದೆಯೂ ತಾಟು ಹಿಡಿಯುವುದಿಲ್ಲ ಎಂದು ಆಕೆ ತಾಯಿಗೆ ಖಡಾಖಂಡಿತ ಹೇಳಿದ್ದು ಹಾಸ್ಟೆಲ್ಲಿಗೆಲ್ಲ ಗೊತ್ತಿತ್ತು. ನೀಲವ್ವನಿಗೆ ಮಾತ್ರ ಆಸೆ ಬತ್ತಿರಲಿಲ್ಲ. ಒಬ್ಬ ಹುಡುಗಿಯ ತಂದೆ ಬರುತ್ತಾರೆ ಎಂದು ನಾನು ಅಕ್ಕೋರಿಗೆ ತಿಳಿಸಿದ್ದೆ. ನೀಲವ್ವನಿಗೆ ತಿಳಿಸುವುದು ಯಾರಿಗೂ ಹೊಳೆಯಲಿಲ್ಲ.

ಗೌಡರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ನಾನು ತಲುಪುವಾಗ ಅಂಗಳದಲ್ಲಿ ಟಂಟಂ ರಿಕ್ಷಾ ನಿಂತಿತ್ತು, ಹುಡುಗಿಯರೆಲ್ಲ ಕಿಟಕಿಗೆ ಮುತ್ತಿಕೊಂಡಿದ್ದರು. ಒಳಗೆ ಜಮಖಾನೆಯ ಮೇಲೆ ಗೌಡರು, ರುಮಾಲು ಸುತ್ತಿದ ಇಬ್ಬರು ಹಿರಿಯರು, ಗೌಡರ ಅಕ್ಕ ಶಾಂತವ್ವ. ಹೊಸ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲವಲ್ಲ, ಎದುರಿಗೆ ಕಾಯಿ, ಬಾಳೆಹಣ್ಣು, ಹೂವು, ರವಿಕೆಗೆಂದು ಕುಬಸದ ಕಣ. ಎಲ್ಲರ ಕೈಯಲ್ಲೂ ಉಪ್ಪಿಟ್ಟಿನ ತಾಟು. ಬೆಲ್ಲ ನೀರು ಆಗಲೇ ಆಗಿತ್ತು. ನೀಲವ್ವನೂ ಶಾಂತವ್ವನೂ ಊರು, ತವರು, ಯಾರ ಪೈಕಿ ಎಲ್ಲ ಕೇಳಿ ಮುಗಿಸಿ, ಸೂಡಿಯ ಯಾವುದೋ ಅತ್ತೆಯ ಮೂಲಕ ನಂಟು ಹಚ್ಚಿಕೊಂಡು ಕೈ ಕೈ ಹಿಡಿದು ನಗುತ್ತಿದ್ದರು. ಇಷ್ಟು ಬೇಗ ಇಷ್ಟು ಚೆನ್ನಾಗಿ ನಡೆಯಿತಲ್ಲ ಎಂದು ನಾನು ಹಿಗ್ಗಿದೆ. ಅಷ್ಟರಲ್ಲಿ ಸುಮಂಗಲಾ ಅಕ್ಕೋರು ಇಳಕಲ್ ಸೀರೆ ಉಟ್ಟು ಚಹಾದ ತಾಟು ಹಿಡಿದು ಬಂದರು. “ದೊಡ್ಡ ಮಂದಿ ನಿನ್ನ ನೋಡಾಕ ಬಂದಾರ, ಚಲೋ ಸೀರಿ ಉಟಗೊ” ಎಂದು ತಾಯಿ ಹೇಳಿದ್ದಳಂತೆ. ವಾರ್ಡನ್ನನ್ನು ನೋಡಲು ಪಾಲಕರು ಬರುವುದು ಹೊಸದೇನಲ್ಲ, ಆಕೆಯೂ ಉಟ್ಟು ಬಂದಿದ್ದರು. ಶಾಂತವ್ವ ಎದ್ದು ಆಕೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು.

ನೀಲವ್ವ ಕಣ್ಣೊರೆಸಿಕೊಂಡು ಕೇಳಿದಳು, “ಗೌಡ್ರ, ಹುಡುಗ ಏನ್ ಮಾಡ್ತಾನ್ರಿ?”

“ಯಾವ ಹುಡುಗರಿ? ನಂದು ಹುಡುಗಿ. ಹತ್ತನೇತ್ತೆ ಪಾಸಾಗ್ಯಾಳ.”

“ಹುಡುಗನ ತಂಗಿ ಏನ್ರಿ? ಚಲೋ ಆತು. ಹುಡುಗ?”

ಕಿಟಕಿಯ ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಅಕ್ಕೋರು ಕೈಯಲ್ಲಿದ್ದ ತಾಟನ್ನು ನೋಡಿದರು, ಉಡಿಯನ್ನು ನೋಡಿದರು, ತಾಯಿಯ ಮುಖ ನೋಡಿದರು. ಮೆಲ್ಲಗೆ ತಾಟನ್ನು ನೆಲದ ಮೇಲಿಟ್ಟರು. “ಅವ್ವಾ, ನೀ ಏನಂತ ತಿಳಕೊಂಡಿ?” ಎಂದ ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಉಪ್ಪಿಟ್ಟು ತಿಂದಾಗಿದೆ, ಉಡಿ ತುಂಬಿಯಾಗಿದೆ. ಈಗ ಗೌಡರು ಎದ್ದು ಹೋದರೆ ಅಕ್ಕೋರನ್ನು ಇನ್ನೊಮ್ಮೆ ಯಾರೋ ನೋಡಿ ಬೇಡವೆಂದು ಹೋದ ಹಾಗೆಯೇ ಆಗುತ್ತದೆ. ಗಿರಿಜಾಳ ಓದಿನ ಮಾತು ಅಲ್ಲಿಗೆ ಮುಗಿಯಿತೆಂದೇ ತಿಳಿದೆ.

ಫಕೀರಗೌಡರು ತಾಟು ಬದಿಗಿಟ್ಟು, ರುಮಾಲು ಸರಿಮಾಡಿಕೊಂಡು ಎದ್ದು ನಿಂತರು.

“ತಪ್ಪ ತಿಳಿದಿಲ್ರಿ ಅವ್ವಾರ ನೀವು. ನಾವು ಬಂದದ್ದು ಸಂಬಂಧ ಕೇಳಾಕನ. ನಾ ಹೆಣ್ಣು ಕೊಡಾಕ ಬಂದೀನಿ. ನನ್ನ ಮಗಳನ್ನ ಈ ಮನಿ ತುಂಬಿಸಿಕೋರಿ. ಒಪ್ಪಿಗಿ ಐತೇನ್ರಿ?”

ಆ ದೊಡ್ಡ ಮನುಷ್ಯ ಕೈ ಮುಗಿದು ನಿಂತದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ನೀಲವ್ವ ಸೆರಗು ಕೆಳಗಿಳಿಸಿದಳು. ಗಂಡಿನ ತಾಯಿಯ ಗತ್ತು ಆಕೆಗೆ ಎಲ್ಲಿಂದ ಬಂತೋ, ಬೆನ್ನು ನೆಟ್ಟಗೆ ಮಾಡಿ ಕೇಳಿದಳು.

“ಹುಡುಗಿಗೆ ರೊಟ್ಟಿ ಬಡಿಯಾಕ ಬರ್ತೈತೇನ್ರಿ?”

“ಬರ್ತೈತ್ರಿ. ಆದ್ರ ಮುಂದ ಪುಸ್ತಕ ಇಟಗೊಂಡು ಬಡೀತಾಳ, ಎಲ್ಲಾ ಹೊತ್ತಸ್ತಾಳ.”

“ಹಂಗಾರ ಬ್ಯಾಡ. ಇಲ್ಲಿ ರೊಟ್ಟಿ ನಾವ ಬಡೀತೀವಿ, ಅಕಿ ಓದ್ಲಿ. ಒಪ್ಪಿಗಿ ಐತ್ರಿ ಬೀಗರ.”

ಮೊದಲು ನಕ್ಕವರು ಸುಮಂಗಲಾ ಅಕ್ಕೋರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಉಡಿಯಲ್ಲಿದ್ದ ಕಾಯಿಯನ್ನು ಹಿಡಿದುಕೊಂಡೇ ಕುಳಿತುಬಿಟ್ಟರು. ನಾನು ಆಮೇಲೆ ಗೌಡರಿಗೆ ಮನೆ ತೋರಿಸಲು ಹೋದರೆ, “ನೋಡಿ ಆತಲ್ರಿ,” ಎಂದು ಟಂಟಂ ಹತ್ತಿದರು. ಅಡುಗೆಮನೆ, ಖೋಲಿ, ಬಚ್ಚಲು ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ. ಆ ವಾರವೇ ಗಿರಿಜಾ ಟ್ರಂಕಿನೊಂದಿಗೆ ಬಂದು ಇಳಿದಳು.

ಪಂಚಮಿ ಹಬ್ಬಕ್ಕೆ ಗೌಡರ ಮನೆಯಿಂದ ಬೀಗರ ಮನೆಗೆ ಉಂಡಿ ಬಂದವು. ಬೀಗರಿಗೆ ಕಡಿಮೆ ಕಳಿಸಿದರೆ ಮರ್ಯಾದೆ ಹೋಗುತ್ತದೆ, ಹಾಗಾಗಿ ಹಾಸ್ಟೆಲ್ಲಿನ ಎಲ್ಲ ಹುಡುಗಿಯರೂ ವಾರಗಟ್ಟಲೆ ಶೇಂಗಾದುಂಡಿ, ಎಳ್ಳುಂಡಿ ತಿಂದರು. ನೀಲವ್ವ ಗಿರಿಜಾಳನ್ನು ‘ಸೊಸಿ’ ಎಂದೇ ಕೂಗುತ್ತಿದ್ದಳು. ಸುಮಂಗಲಾ ಅಕ್ಕೋರು ಮದುವೆ ಆಗಲಿಲ್ಲ. ಅದರ ಮಾತನ್ನು ನೀಲವ್ವನೂ ಆಮೇಲೆ ಎತ್ತಲಿಲ್ಲ. ಆ ಮನೆಗೆ ವರ್ಷಕ್ಕೊಂದಿಷ್ಟು ಸೊಸೆಯಂದಿರು ಬರುತ್ತಲೇ ಇದ್ದರಲ್ಲ.

ಕಾಲೇಜು ಮುಗಿದಾಗ ಗಿರಿಜಾ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತಳು. “ಸರ, ನರ್ಸಿಂಗ್ ಓದಬೇಕಂತ ಮಾಡೀನಿ. ಅಪ್ಪಗ ಹ್ಯಾಂಗ ಹೇಳ್ಲಿ? ನೀವ ಅಂದಿದ್ರಲ್ಲ, ದವಾಖಾನಿ ಅಂದ್ರ ಹಿರ್ಯಾಕಿ ಮನಿ.” ಈ ಸಲ ನಾನು ಬಾಯಿ ಬಿಡಲಿಲ್ಲ. ನೀನೇ ಹೇಳು ಎಂದೆ. ಗೌಡರು ಕೆಲವು ದಿನ ಗೊಣಗಿದರಂತೆ, ಆದರೆ ತಡೆಯಲಿಲ್ಲ.

ನನ್ನ ಕಡೆಯ ವರ್ಷಗಳಲ್ಲಿ ಕರಿಹಲಗೆ ಹೋಗಿ ಬೆಳಕಿನ ಹಲಗೆ ಬಂತು, ಹುಡುಗರ ಕೈಗೆ ಮೊಬೈಲು ಬಂತು. ನಾನು ರವಿವಾರ ಬಸ್ಸು ಹತ್ತಿ ಹುಡುಕುತ್ತಿದ್ದುದನ್ನು ಅವರು ಬೆರಳ ತುದಿಯಲ್ಲಿ ತೆಗೆಯುತ್ತಾರೆ. ನನಗೆ ಹೊಟ್ಟೆಕಿಚ್ಚು ಇಲ್ಲ, ಸಿಟ್ಟು ಮಾತ್ರ ಇದೆ. ವಾಟ್ಸಾಪಿನಲ್ಲಿ ದಿನಕ್ಕೊಂದು ಸುಳ್ಳು ಮನೆತನ ಹುಟ್ಟುತ್ತದೆ. ನ್ಯೂಸ್ ಎಂಬುದು ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಕೂಡಿ ಆದದ್ದು ಎಂದು ಒಬ್ಬ ಹೊಸ ಮಾಸ್ತರನೇ ನನಗೆ ಕಳಿಸಿದ್ದ. ಅಲ್ಲಪ್ಪಾ, ಅದು ನ್ಯೂ ಎಂಬ ಬಡಪಾಯಿಯ ಬಳಗ, ‘ಹೊಸವು’ ಎಂದರ್ಥ, ಅಷ್ಟೇ. ಮೊಬೈಲು ಊರು ಹೇಳುತ್ತದೆ, ನಂಟು ಹಚ್ಚಿಕೊಡುವ ಕೆಲಸ ಇನ್ನೂ ಮಾಸ್ತರನದೇ. ಎದುರಿಗೆ ಕೂತ ಹುಡುಗನ ಮನೆ, ಹೊಲ, ಪೇಟೆ ಗೊತ್ತಿಲ್ಲದವನಿಗೆ ಅದು ಬರುವುದಿಲ್ಲ. ನಿಮಗೆ ನಾನು ಹೇಳಿಕೊಡಬಲ್ಲ ವಿದ್ಯೆ ಇಷ್ಟೇ.

ಹೋದ ಚಳಿಗಾಲದಲ್ಲಿ ಫಕೀರಗೌಡರಿಗೆ ಕಣ್ಣಿನ ಪೊರೆ ತೆಗೆದರು, ಗದಗಿನಲ್ಲಿ, ಗಿರಿಜಾ ಕೆಲಸ ಮಾಡುವ ದವಾಖಾನೆಯಲ್ಲೇ. ಮನೆಗೆ ಬಿಡುವ ದಿನ ನಾನು ಹೋದೆ. ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದರು. ಅವರ ಕಣ್ಣಿನ ಬಟ್ಟೆ ಬಿಗಿದು, ಪಕ್ಕದ ಮಂಚದ ಮುದುಕಿಯ ತಲೆದಿಂಬು ಸರಿಮಾಡಿ, ಆಕೆಗೂ “ಯಾವೂರಬೇ ಆಯಿ?” ಎಂದು ಕೇಳುತ್ತಿದ್ದಳು ಗಿರಿಜಾ. ಹೊರಗೆ ಬಂದಾಗ ಬಸ್ಸಿಗೆ ಹೊತ್ತಿತ್ತು. ಎದುರಿಗೆ ಒಂದು ಹೋಟೆಲ್. ಗೌಡರು ಅದರತ್ತ ಬೊಟ್ಟು ಮಾಡಿ, “ನಡೀರಿ ಸರ,” ಎಂದರು. ಹೊರಗಿನ ಚಹಾ ಮುಟ್ಟದ ಮನುಷ್ಯ! ನಾನೂ ಗಿರಿಜಾಳೂ ಮುಖ ಮುಖ ನೋಡಿಕೊಂಡು ಹಿಂದೆ ಹೋದೆವು.

ಹೋಟೆಲಿನ ಮಾಲಕ ಮಿರ್ಚಿಯ ತಾಟು ಇಡುತ್ತ ರುಮಾಲು ನೋಡಿ, “ಯಾವೂರ್ರಿ ಗೌಡ್ರ? ಯಾರ ಪೈಕಿ?” ಎಂದ. ಗೌಡರು ಹೇಳಿದರು, ತಾವೂ ಕೇಳಿದರು. ಆತನ ಹೆಂಡತಿಯ ತವರು ನರೇಗಲ್ಲು ಎಂದು ತಿಳಿದಾಗ ಸಮಾಧಾನದಿಂದ ತಲೆಯಾಡಿಸಿದರು. ಬಸಿಯಲ್ಲಿ ಚಹಾ ಸುರಿದುಕೊಂಡು ಮೊದಲ ಗುಟುಕು ಕುಡಿದು, ಬಟ್ಟೆ ಕಟ್ಟಿರದ ಒಂದು ಕಣ್ಣಿನಿಂದ ಮಗಳನ್ನೂ ನನ್ನನ್ನೂ ನೋಡಿದರು.

“ಸರ, ಮೂರೂ ಅಕ್ಕತಂಗ್ಯಾರ ಮನಿ ನೋಡಿದಂಗಾತು. ಅವತ್ತ ನಾ ಅಂದದ್ದು ಹಿಂದಕ್ಕ ತಗೊಂಡೀನ್ರಿ. ಮನಿತನ ಚಲೋ ಐತಿ.”